ಹದಿನೇಳನೇ ನಂಬರಿನ ಹೆಜ್ಜಾರ್ಲೆ

೧. ಪಾಸು

ಕಂಡಕ್ಟರ್ ಹಕ್ಕಿಗೆ ಟಿಕೆಟ್ ಕೇಳಿದ.

ಝರಾಸಂಗಂ ಹತ್ತಿರ, ನಮ್ಮ ಹೊಲದ ಪಕ್ಕದ ಕೆರೆಯ ಜೊಂಡಿನಲ್ಲಿ ಅದು ಕೂತಿತ್ತು. ಹೆಜ್ಜಾರ್ಲೆ. ಗಾಳದ ದಾರ ಸಿಕ್ಕಿ ಕೊಕ್ಕಿನ ಕೆಳಗಿನ ಚೀಲ ಹರಿದಿತ್ತು. ಹಿಡಿದ ಮೀನು ಜಾರಿ ಮತ್ತೆ ನೀರಿಗೇ ಬೀಳುತ್ತಿತ್ತು. ಶಾಲಿನಲ್ಲಿ ಸುತ್ತಿ ಜಹೀರಾಬಾದ್ ಬಸ್ ಹತ್ತಿದೆ. ಮೂವತ್ತು ವರ್ಷ ನಾನೇ ಓಡಿಸಿದ ದಾರಿ.

"ಕಾಕಾ, ಕೋಳಿಗಿ ಅರ್ಧ ಟಿಕೆಟ್ ಅದ. ಇದಕ್ಕ ಏನ್ ಹರೀಲಿ?"

"ಕೋಳಿ ಅಲ್ಲ."

"ಮತ್ತ ಬಾತು?"

"ಅಲ್ಲ."

ಹಕ್ಕಿ ಬಾಯಿ ತೆರೆಯಿತು. ಕೊಕ್ಕು ಅವನ ಮೊಳಕೈವರೆಗೆ ಬಂತು. ಕಂಡಕ್ಟರ್ ಟಿಕೆಟ್ ಮಶೀನನ್ನು ಚೀಲಕ್ಕೆ ಹಾಕಿಕೊಂಡ.

"ಇದಕ್ಕ ಪಾಸ್ ಅದ ಬಿಡ್ರಿ," ಎಂದು ಹಿಂದಿನ ಸೀಟಿಗೆ ಹೋದ.

೨. ಕೆಂಪು ಬಟ್ಟೆ

ಜಹೀರಾಬಾದಿನ ಪಶುವೈದ್ಯೆ ಚೀಲ ಹೊಲಿದಳು. ಕೆಲವು ತಿಂಗಳು ಸಾಕಿ, ಕಾಲಿಗೆ ಹದಿನೇಳನೇ ನಂಬರಿನ ಕೆಂಪು ಉಂಗುರ ಹಾಕಿ, ನಮ್ಮ ಕೆರೆಗೇ ತಂದು ಬಿಟ್ಟಳು. ಅದು ಹಾರಿಹೋಯಿತು. ತಿರುಗಿ ನೋಡಲಿಲ್ಲ.

"ಎಲ್ಲರೆ ಕಂಡ್ರ ನಂಬರ್ ಹೇಳ್ರಿ. ತಾನೇ ಮೀನು ಹಿಡೀತದೋ ಇಲ್ಲೋ ನೋಡ್ರಿ," ಅಂದಳು. "ಹಿಡೀಲಿಲ್ಲಂದ್ರ ವಾಪಸ್ ತರಬೇಕಾಗ್ತದ. ಆಮ್ಯಾಲ ಅದಕ್ಕ ಪಂಜರಾನೇ ಗತಿ."

ಹಳೇ ಡ್ರೈವರು ಕಂಡಕ್ಟರುಗಳಿಗೆ ಹೇಳಿದೆ. ತಪ್ಪು ಅದೇ.

ನಾರಾಯಣಖೇಡದಿಂದ ಫೋನ್ ಬಂತು. "ಕಾಕಾ, ಬೆಳ್ಳಗ ಅದ. ದೊಡ್ಡದದ. ಕಾಲಾಗ ಕೆಂಪು ಪಟ್ಟಿ ಅದ. ಪ್ಯಾಸೆಂಜರ್ ಒಬ್ಬರು ನೋಡ್ಯಾರ."

ಎರಡು ಬಸ್ ಬದಲಿಸಿ ಹೋದೆ. ಸಂಜೆ. ಕೆರೆಯ ನೀರು ಬಿಸಿಲು ಹೊದ್ದು ಮಲಗಿತ್ತು. ದಡದಲ್ಲಿ ಬಿಳಿ ಹಕ್ಕಿಯೊಂದು ತಲೆಯನ್ನು ರೆಕ್ಕೆಯಲ್ಲಿ ಹುದುಗಿಸಿ ನಿದ್ದೆ ಮಾಡುತ್ತಿತ್ತು. ಕಾಲಿಗೆ ಕೆಂಪು ಪಟ್ಟಿ. ಎಬ್ಬಿಸುವ ಮನಸ್ಸಾಗಲಿಲ್ಲ. ಕೂತೆ. ನನಗೂ ಜೊಂಪು ಹತ್ತಿತು.

ಅದು ತಲೆ ಎತ್ತಿತು. ಬಾತು. ನಮ್ಮ ಕಡೆ ಪಕ್ಕದ ಮನೆಯವುಗಳ ಜೊತೆ ಬೆರೆಯದಿರಲಿ ಎಂದು ಕೋಳಿ, ಬಾತುಗಳ ಕಾಲಿಗೆ ಬಟ್ಟೆಯ ಚೂರು ಕಟ್ಟುತ್ತಾರೆ.

ಹಿಂದೆ ಅದರ ಯಜಮಾನಿ ನಿಂತಿದ್ದಳು, ಸೊಂಟದ ಮೇಲೆ ಕೈಯಿಟ್ಟು.

"ಒಂದು ತಾಸಾತು, ನನ್ನ ಬಾತು ನೋಡಾಕತ್ತೀರಿ."

ನಾನು ಎದ್ದು ಶಾಲು ಕೊಡವಿದೆ.

"ಬಟ್ಟಿ ಕಟ್ಟೂದೇ ನಿಮ್ಮಂಥೋರ ಸಲುವಾಗಿ."

೩. ಕಾಲು

ಮುಂದಿನ ಫೋನು ತಾಂಡೂರಿನ ಡ್ರೈವರನದು. ಅವನು ಕೊಕ್ಕು ನೋಡಿದ್ದ. ನಂಬಿ ಹೋದೆ.

ಬೆಳಗಿನ ಮಂಜು. ಕೆರೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಅದರ ನಡುವೆ ಹೆಜ್ಜಾರ್ಲೆಗಳು ತೇಲುತ್ತಿದ್ದವು, ಸದ್ದಿಲ್ಲದೆ, ಯಾರೋ ಕಾಣುತ್ತಿರುವ ಕನಸಿನ ಹಾಗೆ. ಎಲ್ಲದರ ಕಾಲೂ ನೀರೊಳಗೆ.

ಮೂರು ಬೆಳಗು ಕೂತೆ. ಡ್ರೈವರನ ಮನೆಯಲ್ಲಿ ಊಟ, ದಡದಲ್ಲಿ ಡ್ಯೂಟಿ. ವೈದ್ಯೆ ಫೋನಿನಲ್ಲಿ "ಏನ್ ಕಾಣಸ್ತು?" ಅಂದಳು. "ಬೆನ್ನು," ಅಂದೆ.

ಎಮ್ಮೆ ಕಾಯುವವನೊಬ್ಬ ಪಕ್ಕದಲ್ಲಿ ಕೂತ.

"ಏನ್ ನೋಡಾಕತ್ತೀರಿ?"

"ಕಾಲು."

ಅವನೂ ನೋಡಿದ. ಬಹಳ ಹೊತ್ತು ನೋಡಿದ.

"ಇವಕ್ಕ ಕಾಲಿಲ್ರಿ," ಅಂದ. "ಕಾಲಿದ್ದದ್ದು ಅಲ್ಲ್ಯದ ನೋಡ್ರಿ, ಮೀನು ಮಾರಾಕಿ ಹತ್ರ."

೪. ಅಳಿಯ

ಕೆರೆ ಏರಿಯ ಮೇಲೆ ಮೀನು ಮಾರುವ ಹೆಂಗಸು. ಪಕ್ಕದಲ್ಲಿ ಹೆಜ್ಜಾರ್ಲೆ, ಬುಟ್ಟಿಗೆ ಆತು ನಿಂತಿತ್ತು. ಚೀಲದ ಮೇಲೆ ಹೊಲಿಗೆಯ ಗೆರೆ. ಕಾಲಲ್ಲಿ ಉಂಗುರ. ಹದಿನೇಳು.

"ನಮ್ಮ ಅಳಿಯ ರೀ," ಅಂದಳು ಆಕೆ. "ಉಂಗುರ ಹಾಕ್ಕೊಂಡು ಬರ್ತಾನ, ಕೂತು ತಿಂತಾನ, ಒಂದ್ ಕೆಲ್ಸ ಮಾಡಂಗಿಲ್ಲ. ಅಳಿಯ ಅಲ್ದ ಮತ್ಯಾರು?"

ದಿನಾ ಒಂದು ಮೀನು ಹಾಕುತ್ತಿದ್ದಳಂತೆ. ಇದ್ದದ್ದು ಹೇಳಿದರೆ ಹಕ್ಕಿಗೆ ಪಂಜರ. ಸುಳ್ಳು ನನಗೆ ಬರುವುದಿಲ್ಲ.

"ಹಾಕಬ್ಯಾಡ," ಅಂದೆ.

"ಅಳಿಯಗ ಉಣಬ್ಯಾಡ ಅನ್ನಲೇನು?"

ಪಂಜರದ ವಿಷಯ ಹೇಳಿದೆ. ಅವತ್ತು ನಾನು ಬಹಳ ಮಾತಾಡಿದೆ. ಆಕೆ ಬುಟ್ಟಿಗೆ ಗೋಣಿ ತಟ್ಟು ಮುಚ್ಚಿದಳು.

ಮೊದಲ ದಿನ ಅದು ಆಕೆಯ ಸೆರಗು ಜಗ್ಗಿತು. ಎರಡನೇ ದಿನ ಬೆನ್ನು ತಿರುಗಿಸಿ ನಿಂತಿತು. "ಸಿಟ್ಟಾಗ್ಯಾನ," ಅಂದಳು. ಅವತ್ತು ತಾನೂ ಬುತ್ತಿ ಬಿಚ್ಚಲಿಲ್ಲ.

ಮೂರನೇ ಬೆಳಗು ಅದು ನೀರಿಗಿಳಿಯಿತು. ಮಂಜಿನೊಳಗೆ ಹೋಗಿ ಉಳಿದವುಗಳ ಸಾಲಿಗೆ ಸೇರಿತು. ಎಲ್ಲ ಕೊಕ್ಕುಗಳೂ ಒಟ್ಟಿಗೆ ಮುಳುಗಿದವು, ಎದ್ದವು. ನಮ್ಮದರ ಚೀಲ ಉಬ್ಬಿತ್ತು. ಒಳಗೆ ಏನೋ ಒದ್ದಾಡುತ್ತಿತ್ತು. ಹೊಲಿಗೆ ತಡೆಯಿತು. ಕೊಕ್ಕು ಮೇಲಾಯಿತು.

"ನುಂಗಿದ!" ಅಂದಳು ಆಕೆ. ಏರಿಯ ಮೇಲಿನ ಎಮ್ಮೆಗಳೆಲ್ಲ ತಿರುಗಿ ನೋಡಿದವು.

ವೈದ್ಯೆಗೆ ಫೋನ್ ಮಾಡಿದೆ. "ಹದಿನೇಳು. ತಾನೇ ಹಿಡೀತು."

"ಮತ್ತೇನರೆ?"

"ಇಲ್ಲ."

ನಾನು ಅಲ್ಲಿ ಇನ್ನೆರಡು ದಿನ ಇದ್ದೆ. ಆಕೆ ಗೋಣಿ ತಟ್ಟು ತೆಗೆದು, ಅಳಿಯನಿಗೆಂದು ದೊಡ್ಡ ಮೀನೊಂದನ್ನು ಬೇರೆ ಇಟ್ಟುಕೊಂಡು ಕೂತಿದ್ದಳು.

"ದುಡಿಯಾಕ ಹತ್ತಿದ ಕೂಡ್ಲೆ ಅತ್ತಿ ಮನಿ ಮರ್ತಾನ ನೋಡ್ರಿ," ಅಂದಳು.

ಅಳಿಯ ಬರಲಿಲ್ಲ. ಆ ಮೀನು ನಾವಿಬ್ಬರೂ ತಿಂದೆವು.