ಬಟ್ಟಲಿನಷ್ಟು ತೂತು

ಆಡುಗಳು ಕವಚ ತಿನ್ನುತ್ತವೆ ಎಂದು ಕಸ್ತೂರಬಾಯಿಗೆ ಯಾರೂ ಹೇಳಿರಲಿಲ್ಲ. ಉಮರಗಾದ ತರಬೇತಿ ಶಿಬಿರದಲ್ಲಿ ಹೇಳಿಕೊಟ್ಟದ್ದು ಇಷ್ಟೇ: ಮಕ್ಕಳು ಇತಿಹಾಸವನ್ನು ಕೈಯಿಂದ ಕಲಿಯಬೇಕು. ರಟ್ಟು ಕತ್ತರಿಸಿ, ಜೋಳದ ಹಿಟ್ಟಿನ ಅಂಟು ಹಚ್ಚಿ, ಮೇಲೆ ಬೇಗಡೆ ಮೆತ್ತಿದರೆ ಹಳೆಯ ಕಾಲದ ಸೈನಿಕರ ಎದೆಗವಚ ಸಿದ್ಧ. ಸಿದ್ಧವಾಗಿಯೂ ಇದ್ದವು. ನಿಲಂಗಾದ ಹೆಣ್ಣುಮಕ್ಕಳ ಶಾಲೆಯ ಜಗಲಿಯ ಮೇಲೆ ರಾತ್ರಿಯಿಡೀ ಒಣಗಿದ್ದವು. ಬೆಳಿಗ್ಗೆ ಬಂದು ನೋಡಿದರೆ ಪಕ್ಕದ ಓಣಿಯ ಆಡುಗಳು ಹಿಟ್ಟಿನ ರುಚಿ ಹಿಡಿದು ಇಡೀ ಸೈನ್ಯವನ್ನು ಮುಗಿಸಿ, ಬೇಗಡೆಯನ್ನು ಮಾತ್ರ ಉಗುಳಿ, ಮದುವೆ ಊಟ ಮುಗಿಸಿದ ಬೀಗರ ಹಾಗೆ ಕಣ್ಣು ಅರೆಮುಚ್ಚಿ ಮಲಗಿದ್ದವು.

ಅವತ್ತೇ ಮಧ್ಯಾಹ್ನ ಶಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದರು.

ತಾಲೂಕು ಮುಂಬಯಿ ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಸ್ತೂರಬಾಯಿ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಒಂದು ಇತಿಹಾಸ ಓದಿದ್ದಳು. ಈಗ ಮರಾಠಿಯಲ್ಲಿ ಇನ್ನೊಂದನ್ನು ಕಲಿಸುತ್ತಿದ್ದಳು. ಅದರಲ್ಲಿ ಶೂರರಾದವರು ಇದರಲ್ಲಿ ದುಷ್ಟರಾಗಿದ್ದರು. ಹಾಗಾಗಿ ಬಾಯಿಗಿಂತ ಕೈಯಿಂದ ಕಲಿಸುವುದೇ ಕ್ಷೇಮ ಎಂದು ಅವಳಿಗೆ ಅನಿಸಿತ್ತು. ಅವಳದು ಹಂಗಾಮಿ ನೌಕರಿ. ಸಾಹೇಬರು ಮೆಚ್ಚಿದರೆ ಕಾಯಂ; ಇಲ್ಲದಿದ್ದರೆ ಗುಂಜೋಟಿಯ ಅಣ್ಣನ ಮನೆ. ಗಂಡ ತೀರಿಕೊಂಡ ಮೇಲೆ ಕೆಲಕಾಲ ಅಲ್ಲಿ ಇದ್ದು ಬಂದಿದ್ದಳು. ಅತ್ತಿಗೆ ಕೆಟ್ಟವಳಲ್ಲ, ಇವಳನ್ನು ಒಲೆಯ ಮುಂದೆ ಕೂರಿಸಿ ತಾನು ಹೋಗಿ ಮಲಗುತ್ತಿದ್ದಳು, ಅಷ್ಟೇ. ಕಾಯಂ ಆಗದಿದ್ದರೆ ದೀಪಾವಳಿಗೆ ಗಾಡಿ ಕಳಿಸುತ್ತೇನೆ ಎಂದು ಅಣ್ಣ ಹೇಳಿ ಹೋಗಿದ್ದ.

ಹೆಡ್ಮಾಸ್ತರ ಮಾಣಿಕಪ್ಪನವರು ಬಂದು, ನೆಲದ ಮೇಲೆ ಮಿನುಗುತ್ತಿದ್ದ ಬೇಗಡೆ ಚೂರುಗಳನ್ನು ನೋಡಿದರು. ಸಾಹೇಬರು ಪುಣೆಯವರು, ಕನ್ನಡ ಕಿವಿಗೆ ಬಿದ್ದರೆ ಹುಬ್ಬು ಗಂಟಿಕ್ಕುತ್ತಾರಂತೆ, ಸರಕಾರಿ ಶಾಲೆಯಲ್ಲಿ ದೇವರ ಸುದ್ದಿ ಎತ್ತಿದರಂತೂ ಮುಗಿದೇ ಹೋಯಿತಂತೆ ಎಂದು ಹೇಳಿ, ತಮ್ಮ ಕೋಟಿಗೆ ಇಸ್ತ್ರಿ ಮಾಡಿಸಲು ಹೊರಟುಹೋದರು.

ಕಸ್ತೂರಬಾಯಿ ಶಾಂತವೀರಪ್ಪನ ಬಟ್ಟೆ ಅಂಗಡಿಗೆ ಓಡಿದಳು. ಮೊದಲಿನ ರಟ್ಟೂ ಅಲ್ಲಿಯದೇ, ಬಟ್ಟೆ ಸುತ್ತಿ ಬರುವ ರಟ್ಟು. ಆತ ಇನ್ನಷ್ಟು ಬಟ್ಟೆ ಬಿಚ್ಚಿ ರಟ್ಟು ಎಳೆದು ಕೊಡುತ್ತ, "ನಿಮ್ಮ ಲಢಾಯಿ ಮುಗಿಯೂತನಾ ನನ್ನ ಅರಿವಿ ನೆಟ್ಟಗ ನಿಂದ್ರಂಗಿಲ್ಲ ಬಿಡ್ರಿ ಬಾಯೋರ" ಎಂದ. ಅಂಟಿಗೆ ಮಾತ್ರ ಅವಳು ಈ ಸಲ ಹಿಟ್ಟು ಮುಟ್ಟಲಿಲ್ಲ. ಬಡಿಗೇರರ ಮನೆಯಿಂದ ದನದ ತೊಗಲು ಕುದಿಸಿ ಮಾಡಿದ ಅಂಟಿನ ಗಡಿಗೆಯನ್ನೇ ತಂದಳು. ಆಡುಗಳು ಮೂಸಿ ಹಿಂದೆ ಸರಿದವು. ಬೇಗ ಹಿಡಿಯುವ ಅಂಟು. ಬೇಗ ಕೆಲಸವೂ ಆಯಿತು. ಆದರೆ ಸತ್ತ ಎಮ್ಮೆಯೊಂದು ಎದ್ದು ಬಂದು ಮೊದಲ ಸಾಲಿನಲ್ಲಿ ಕುಳಿತ ಹಾಗೆ ತರಗತಿಯೆಲ್ಲ ವಾಸನೆ.

ಆ ವಾಸನೆಯೊಳಗೆ ರಂಭಾಬಾಯಿ ಬಂದಳು. ಕಸ್ತೂರಬಾಯಿ ಬಾಡಿಗೆಗೆ ಇದ್ದ ಖೋಲಿಯ ಒಡತಿ. ಮೊಮ್ಮಗಳು ಚಂದ್ರಭಾಗಾ ಇದೇ ತರಗತಿಯಲ್ಲಿದ್ದಳು. ಮೊಮ್ಮಗಳಿಗೆ ಬುತ್ತಿ ತಂದವಳು ಬಾಗಿಲಲ್ಲೇ ಸೆರಗನ್ನು ಮೂಗಿಗೆ ಒತ್ತಿ ನಿಂತಳು.

"ಕಸ್ತೂರಾ, ಬಡಿಗ್ಯಾರ ಅಂಟೇನವಾ ಇದು? ಹುಡುಗಿ ಎದಿ ಮ್ಯಾಲ ಲಿಂಗ ಅದ. ಅದರ ಮ್ಯಾಲ ದನದ ತೊಗಲು ಕಟ್ಟತಿ ಏನು?"

"ಅಂಟು ಒಳಗದ ರಂಭಾಯಿ. ಮ್ಯಾಲ ಕಾಗದಾ ಹಚ್ಚೀನಿ."

"ಕಾಗದಾ ಹಚ್ಚಿದ್ರ ತೊಗಲು ಕಾಯಿಪಲ್ಯಾ ಆಗ್ತದೇನು?"

ಕಸ್ತೂರಬಾಯಿಯ ಸೆರಗಿನ ಕೆಳಗೂ ಒಂದು ಲಿಂಗವಿತ್ತು. ಅಂಟು ಹಚ್ಚುವಾಗ ಅವಳಿಗೂ ಇದೇ ಹೊಳೆದಿತ್ತು. ಹೊಳೆದದ್ದನ್ನು ಆಡದೆ ಇರುವುದು ಅವಳಿಗೆ ಅಭ್ಯಾಸವಾಗಿತ್ತು. ಅಷ್ಟರಲ್ಲಿ ಇನ್ನೂ ನಾಲ್ವರು ತಾಯಂದಿರು ಬಂದು ಸೇರಿದರು. ಮಕ್ಕಳನ್ನು ಮನೆಗೆ ಕರೆದೊಯ್ಯುತ್ತೇವೆ ಎಂದರು. ಸೈನಿಕರೇ ಹೋದ ಮೇಲೆ ಕವಚ ಯಾರಿಗೆ ತೊಡಿಸುವುದು?

ಕೊನೆಗೆ ದಾರಿ ತೋರಿಸಿದವಳೂ ರಂಭಾಬಾಯಿಯೇ. ಬುತ್ತಿಯೊಳಗಿನ ಹಿತ್ತಾಳೆ ಬಟ್ಟಲನ್ನು ಕವಚದ ನಡು ಎದೆಗೆ ಬೋರಲಿಟ್ಟು, ಇದರ ಸುತ್ತ ಕೊಯ್ದು ತೆಗೆ, ಲಿಂಗದ ಮೇಲೆ ಏನೂ ತಾಗುವುದಿಲ್ಲ ಎಂದಳು. ಬಟ್ಟಲು ಸಣ್ಣದಾಯಿತೇನೋ, ಮನೆಯಿಂದ ದೊಡ್ಡದು ತರಲೇ ಎಂದೂ ಕೇಳಿದಳು. ಬೇಡವೆಂದು ಕಸ್ತೂರಬಾಯಿ ಕೊಯ್ಯತೊಡಗಿದಳು. ಲಿಂಗ ಕಟ್ಟದ ಮನೆಯ ಹುಡುಗಿಯರು, ಅವರಿಗಷ್ಟೇ ಕಿಟಕಿ, ನಮಗೇಕಿಲ್ಲ ಎಂದು ಅಳತೊಡಗಿದ್ದರಿಂದ ಅವರ ಕವಚಗಳಿಗೂ ತೂತು ಬಿತ್ತು. ಬಾಣ ಬಂದು ನಾಟಬೇಕಾದ ಜಾಗವನ್ನು ಗುರುತು ಮಾಡಿ ಇಟ್ಟ ಹಾಗೆ ಇಡೀ ಸೈನ್ಯ ಸಾಲಾಗಿ ನಿಂತಿತು. ಕೊಯ್ದ ಬಿಲ್ಲೆಗಳನ್ನು ಗುಡಿಸಲು ಪುರಸೊತ್ತಾಗಲಿಲ್ಲ. ಹೊರಗೆ ಜೀಪಿನ ಸದ್ದು ಕೇಳಿತು.

ಸಾಹೇಬರು ತೆಳ್ಳಗಿದ್ದರು, ಮೆತ್ತಗೆ ಮಾತಾಡುತ್ತಿದ್ದರು. ಸಾಲಿನ ಮುಂದೆ ನಡೆದು ಬಂದು ಚಂದ್ರಭಾಗಾಳ ಎದುರು ನಿಂತರು. ಕವಚ ಇರುವುದೇ ಎದೆ ಕಾಯಲಿಕ್ಕೆ, ಇಲ್ಲಿ ಎದೆಯೇ ಬಯಲಾಗಿದೆಯಲ್ಲ, ಯಾಕೆ ಎಂದು ಮರಾಠಿಯಲ್ಲಿ ಕೇಳಿದರು.

ಮಾಣಿಕಪ್ಪನವರು ಇಸ್ತ್ರಿ ಮಾಡಿದ ಕೋಟಿನಲ್ಲಿ ಮುಂದೆ ಬಂದರು. ಇದು ನಮ್ಮ ಈ ಸೀಮೆಯದೇ ಕವಚ ಸಾಹೇಬ್, ಇಲ್ಲಿ ಸೆಕೆ ಹೆಚ್ಚು, ಸೈನಿಕರಿಗೆ ಉಸಿರಾಡಲು ಹೀಗೆ ಗವಾಕ್ಷಿ ಬಿಡುತ್ತಿದ್ದರು, ಉದಗೀರದ ಕೋಟೆಯಲ್ಲಿ ಇಂಥವು ಇದ್ದವೆಂದು ನಮ್ಮ ಹಿರಿಯರು ಹೇಳುತ್ತಿದ್ದರು ಎಂದರು. ಅವರ ಮರಾಠಿ ಅದಕ್ಕೂ ಮೊದಲು ಎಂದೂ ಅಷ್ಟು ಸರಾಗವಾಗಿ ಹರಿದಿರಲಿಲ್ಲ.

ಸಾಹೇಬರು ಕಸ್ತೂರಬಾಯಿಯ ಕಡೆ ತಿರುಗಿದರು. ಇತಿಹಾಸ ಕಲಿಸುವವರು ನೀವು, ಇದು ನಿಜವೇ ಎಂದರು.

ನಿಜವನ್ನು ಹೇಳಲು ಒಂದೇ ಮಾತು ಸಾಕಿತ್ತು. ಅವಳು ಆ ಮಾತನ್ನು ತೂಗಿದಳು. ಪುಣೆಯ ಸಾಹೇಬರು, ಸರಕಾರಿ ಶಾಲೆ, ಲಿಂಗ, ಹಂಗಾಮಿ ನೌಕರಿ. ಗುಂಜೋಟಿಯ ಒಲೆಯ ಹೊಗೆ ಕಣ್ಣಿಗೆ ಬಂದಂತಾಯಿತು. ಅವಳು ತಲೆಯಾಡಿಸಿದಳು. ಬಾಯೋರು ತಲೆಯಾಡಿಸಿದ್ದನ್ನು ನೋಡಿ ಸೈನ್ಯವೂ ಒಟ್ಟಿಗೆ ತಲೆಯಾಡಿಸಿತು. ಎಲ್ಲರಿಗಿಂತ ಜೋರಾಗಿ ಆಡಿಸಿದವಳು ಚಂದ್ರಭಾಗಾ.

ಸಾಹೇಬರು ಬಾಗಿ, ಬೆಂಚಿನ ಕೆಳಗೆ ಬಿದ್ದಿದ್ದ ಒಂದು ರಟ್ಟಿನ ಬಿಲ್ಲೆಯನ್ನು ಎತ್ತಿಕೊಂಡು ಹುಡುಗಿಯ ಕವಚದ ತೂತಿಗೆ ಹಿಡಿದರು. ಸರಿಯಾಗಿ ಕೂತಿತು. ಬಾಗಿದಾಗ ಅವರ ಕಾಲರು ಸರಿದಿತ್ತು. ಏನನ್ನೂ ನೋಡದೆ ಬಿಡುವವಳಲ್ಲ ಕಸ್ತೂರಬಾಯಿ. ಕತ್ತಿನ ಬದಿಗೆ ಇಳಿದಿದ್ದ, ಲಿಂಗ ಕಟ್ಟಿಕೊಳ್ಳುವ ಶಿವದಾರವನ್ನು ನೋಡಿದಳು. ನೋಡುವಷ್ಟರಲ್ಲಿ ತಲೆಯಾಡಿಸಿ ಆಗಿತ್ತು.

ಜಗಲಿಗೆ ಬಂದ ಮೇಲೆ ಅವರು ಕನ್ನಡದಲ್ಲೇ ಮಾತಾಡಿದರು.

"ನಮ್ಮದು ಅಕ್ಕಲಕೋಟದ ಕಡಿ ಊರು. ಪುಣ್ಯಾದಾಗ ಓದೀನಿ, ಅಷ್ಟೇ. ಒಳಗ ಕಾಲಿಟ್ಟ ಕೂಡ್ಲೇ ಅಂಟಿನ ವಾಸನಿ ಬಂತು. ನಮ್ಮವ್ವ ಇದ್ದಿದ್ರ ಇನ್ನೂ ದೊಡ್ಡ ತೂತು ಕೊಯ್ಸ್ತಿದ್ದಳು."

ಕಸ್ತೂರಬಾಯಿ ಬೆರಳಿಗೆ ಹಿಡಿದಿದ್ದ ಅಂಟನ್ನು ಕೆರೆಯತೊಡಗಿದಳು.

"ನೀವು ಖರೇ ಹೇಳಿದ್ರ ಇವತ್ತೇ ಕಾಯಂ ಮಾಡಬೇಕಂತ ಇದ್ದೆ. ಮುಂಜಾನಿ ಕೊಯ್ದ ತೂತನ್ನ ಹಳೇ ಕೋಟಿದು ಅಂದ್ರ ನೀವು ಗೋಣ ಹಾಕಿದ್ರಿ. ನಿಮ್ಮ ಕೈಯಾಗ ಇತಿಹಾಸ ಹ್ಯಾಂಗ ಕೊಡೂದು?"

"ಹೆಡ್ಮಾಸ್ತರರು ಅಂದ್ರು ಅಂತ..."

"ಅವರಿಗಿ ನಾ ಏನೂ ಮಾಡಲಾರೆ. ಅವರು ಕಾಯಂ ಆದವ್ರು."

ಶಾಲೆಯಲ್ಲಿ ಬೇರೆ ಮಾಸ್ತರರಿರಲಿಲ್ಲ. ಆದ್ದರಿಂದ ಇತಿಹಾಸ ಮಾಣಿಕಪ್ಪನವರ ಪಾಲಿಗೆ ಹೋಯಿತು. ಕತ್ತರಿಸಿದ ಅಂಚು ಅಚ್ಚುಕಟ್ಟಾಗಿದೆ ಎಂದು ಕಸ್ತೂರಬಾಯಿಗೆ ಹೊಲಿಗೆಯ ತರಗತಿ ಸಿಕ್ಕಿತು. ಅದೂ ಹಂಗಾಮಿ.

ಸಂಜೆ ಕಸ್ತೂರಬಾಯಿ ಚಂದ್ರಭಾಗಾಳ ಕವಚ ಹಿಡಿದುಕೊಂಡು ಮನೆಗೆ ಬಂದಾಗ ರಂಭಾಬಾಯಿ ಕಟ್ಟೆಯ ಮೇಲೆ ಬೇಳೆ ಆರಿಸುತ್ತಿದ್ದಳು. ಗುಂಜೋಟಿಯಿಂದ ಯಾರೋ ಬಂದಿದ್ದರು, ಅಣ್ಣ ಗಾಡಿಯ ಗಾಲಿಗೆ ಹೊಸ ಪಟ್ಟಿ ಹಾಕಿಸಿದ್ದಾನಂತೆ ಎಂದಳು. ಆಮೇಲೆ ಕೇಳಿದಳು:

"ಸಾಹೇಬ್ರು ಏನಂದ್ರವಾ?"

"ತೂತು ಸಣ್ಣದಾತಂತ."

ರಂಭಾಬಾಯಿಯ ಮುಖ ಅರಳಿತು. "ನಾ ಅವಾಗೇ ಅಂದಿದ್ನಿಲ್ಲೋ, ದೊಡ್ಡ ಬಟ್ಟಲಾ ತರ್ಲೇನಂತ? ಅಷ್ಟು ಓದೀದಿ, ನನ್ನ ಮಾತು ಕೇಳಂಗಿಲ್ಲ ನೀ."

ಕಸ್ತೂರಬಾಯಿ ಅದಕ್ಕೂ ತಲೆಯಾಡಿಸಿದಳು.