ಚಾಡಿ ಹೇಳುವ ಪೆಟ್ಟಿಗೆ

ಯಂತ್ರ ಕೂಡಿಸುವವನಿಗೆ ಯಂತ್ರದಿಂದ ತೊಂದರೆಯಾಗುವುದು ಅಪರೂಪ. ಮನುಷ್ಯರು ಮಾತ್ರ ಒಂದು ದಿನವೂ ರಜಾ ಕೊಡುವುದಿಲ್ಲ.

ತೊಂಬತ್ತರ ದಶಕದ ಕೊನೆ. ನನ್ನ ನೌಕರಿ ರಾಯಚೂರಿನಲ್ಲಿ. ಹೆಂಡತಿ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಟೀಚರು. ಒಂದು ಊರಿನ ಕಂಪ್ಯೂಟರನ್ನು ಇನ್ನೊಂದು ಊರಿಗೆ ಜೋಡಿಸುವ ರೂಟರ್ ಎಂಬ ಪೆಟ್ಟಿಗೆ ಆಗಷ್ಟೇ ಬಂದಿತ್ತು. ಬೆಂಗಳೂರಿನ ಹೆಡ್ಡಾಫೀಸಿನವರು ಫೋನ್ ಲೈನಿನಲ್ಲೇ ಅದರೊಳಗೆ ಹೊಕ್ಕು ನೋಡಬೇಕು, ಕರೆಂಟು ಹೋದರೆ, ಕೋಣೆ ಕಾದರೆ ಪೆಟ್ಟಿಗೆ ತಾನೇ ಬೆಂಗಳೂರಿಗೆ ಫೋನ್ ಮಾಡಿ ಅಲಾರಂ ಕೊಡಬೇಕು. ಆ ಏರ್ಪಾಡಿಗೆ ನನ್ನನ್ನು ಆರು ತಿಂಗಳು ಚಿಕ್ಕಬಳ್ಳಾಪುರದ ಕಡೆ ಕಳಿಸಿದರು. "ಎಲ್ಲಾ ಊರಲ್ಲೂ ಅಲಾರಂ ಬರೋ ಹಾಗೆ ಮಾಡ್ರಿ, ನಿಮ್ಮನ್ನ ಚಿಕ್ಕಬಳ್ಳಾಪುರಕ್ಕೇ ವರ್ಗ ಹಾಕಿಸ್ತೀನಿ" ಅಂದರು ಸಾಹೇಬರು. ನಾನು ನಂಬಿದೆ.

ಚಿಂತಾಮಣಿ

ಲೈನು ಎಳೆದು ಬಂದ ವಾರಕ್ಕೇ ಬೆಂಗಳೂರಿನಿಂದ ದೂರು, ಪೆಟ್ಟಿಗೆ ಸಿಗುತ್ತಿಲ್ಲ ಅಂತ. ಬಸ್ಸು ಹತ್ತಿ ಹೋದೆ. ಪೆಟ್ಟಿಗೆಗೆಂದು ಎಳೆದ ಲೈನಿಗೆ ಅಲ್ಲಿಯ ನಮ್ಮ ಆಫೀಸಿನ ಮ್ಯಾನೇಜರು ತಮ್ಮ ಮೇಜಿನ ಫೋನ್ ಸಿಕ್ಕಿಸಿಕೊಂಡಿದ್ದರು. ಫೋನಿಗೆ ಕ್ರೋಷಾ ಕವರು ಬೇರೆ.

"ಖಾಲಿ ಬಿದ್ದಿತ್ತಲ್ಲಪ್ಪ! ಆದ್ರೆ ದಿನಾ ಯಾವನೋ ಫೋನ್ ಮಾಡಿ ಕೀ ಅಂತ ಕಿರುಚ್ತಾನೆ. ಯಾರಯ್ಯಾ ಅಂದೆ, ತೆಲುಗಲ್ಲಿ ಎವರಯ್ಯಾ ಅಂದೆ. ಉತ್ತರ ಇಲ್ಲ. ಬೈದು ಇಡ್ತೀನಿ."

"ಸಾರ್, ಅದು ಬೆಂಗಳೂರಿನ ಕಂಪ್ಯೂಟರು."

"ಬೆಂಗಳೂರಾದ್ರೆ? ಹೆಸರು ಹೇಳಿ ಮಾತಾಡೋ ಮರ್ಯಾದೆ ಬೇಡ್ವಾ?"

ಶಿಡ್ಲಘಟ್ಟ

ಇಲ್ಲಿ ಕೋಣೆ ಕಾದಿದೆ ಎಂದು ಮೂರು ದಿನ ಒಂದೇ ಸಮನೆ ಅಲಾರಂ. ಹೋಗಿ ಬಾಗಿಲು ತೆಗೆದರೆ ಏಸಿ ಬಂದ್. ಗೋಡೆಗೆ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗಳು ಒರಗಿವೆ, ಅವುಗಳ ತುಂಬ ರೇಷ್ಮೆ ಹುಳಗಳು ಗೂಡು ಕಟ್ಟುತ್ತಿವೆ. ಪಕ್ಕದ ಮೇಲೂರಿನಿಂದ ಬರುವ ಅಟೆಂಡರು ಕೈಕಟ್ಟಿ ನಿಂತಿದ್ದ.

"ಮನೇಲಿ ಇರುವೆ ಕಾಟ ಸಾರ್. ಚಪ್ಪಲಿ ಹೊರಗೆ ಬಿಡಿ ಅಂತ ನೀವೇ ಬೋರ್ಡ್ ಹಾಕಿದ್ರಲ್ಲ, ಇಷ್ಟು ಶುದ್ಧ ಜಾಗ ಊರಲ್ಲೇ ಇಲ್ಲ. ಏಸಿ ಹಾಕಿದ್ರೆ ಹುಳಕ್ಕೆ ಚಳಿ."

ನಾನು ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು ಹೇಳಿದ: "ನಿಮ್ಮ ಪೆಟ್ಟಿಗೆ ಸೆಕೆಯಾದ್ರೆ ಬೆಂಗಳೂರಿಗೆ ಫೋನ್ ಮಾಡ್ಕೊಳ್ಳುತ್ತೆ. ಹುಳ ಪಾಪ, ಯಾರಿಗೆ ಮಾಡ್ಬೇಕು ಸಾರ್?"

ಗೌರಿಬಿದನೂರು

ಇಲ್ಲಿಂದ ಅಲಾರಮ್ಮೇ ಇಲ್ಲ. ಕರೆಂಟು ದಿನಕ್ಕೆ ಹತ್ತು ಸಲ ಹೋಗುತ್ತಿದ್ದ ಕಾಲ! ನೋಡಿದರೆ ಅಲ್ಲಿಯ ಜೂನಿಯರ್ ಇಂಜಿನಿಯರು ಅಲಾರಂ ತಂತಿಯನ್ನೇ ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದ್ದ.

"ಅದು ಚಾಡಿ ಹೇಳುತ್ತೆ ಕಣ್ರೀ. ಕರೆಂಟ್ ಯಾಕೆ ಹೋಯ್ತು ಅಂತ ಅವರು ನನ್ನ ಕೇಳ್ತಾರೆ. ಕರೆಂಟು ನಾನೇನು ಮನೇಲಿ ಮಾಡ್ತೀನಾ?"

ಜೋಡಿಸಿ ಬಂದೆ. ಕತ್ತರಿಸಿದ. ಮತ್ತೆ ಹೋಗಿ ಜೋಡಿಸಿದೆ. ನನ್ನ ಬಸ್ಸು ಸ್ಟ್ಯಾಂಡು ಬಿಡುವಷ್ಟರಲ್ಲಿ ಮತ್ತೆ ಕತ್ತರಿಸಿದನಂತೆ.

ಚಿಕ್ಕಬಳ್ಳಾಪುರ

ಆರು ತಿಂಗಳು ಮುಗಿಯಿತು. ವರ್ಗದ ಆರ್ಡರಿಗೆ ಕಾದಿದ್ದ ನನಗೆ ಮೆಮೊ ಬಂತು. "ತಾವು ಹೋಗುವ ಮುನ್ನ ಈ ಊರುಗಳಿಂದ ಒಂದೂ ಅಲಾರಂ ಬಂದಿರಲಿಲ್ಲ. ಈಗ ಪ್ರತಿದಿನ ಬರುತ್ತಿವೆ. ಗೌರಿಬಿದನೂರು ಒಂದೇ ಸುಸ್ಥಿತಿಯಲ್ಲಿದೆ. ಸಮಜಾಯಿಷಿ ನೀಡತಕ್ಕದ್ದು." ಚಿಕ್ಕಬಳ್ಳಾಪುರದ ಜಾಗಕ್ಕೆ ಗೌರಿಬಿದನೂರಿನ ಜೂನಿಯರನ್ನು ಹಾಕಿದ್ದರು, ಉತ್ತಮ ನಿರ್ವಹಣೆಗಾಗಿ. ನನಗೆ ಮತ್ತೆ ರಾಯಚೂರು.

ಮನೆಗೆ ಬಂದು ಹೆಂಡತಿಗೆ ಎಲ್ಲಾ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಸೂಟ್‌ಕೇಸಿಗೆ ಇಡುತ್ತಾ ಕೇಳಿದಳು:

"ಇಷ್ಟು ವರ್ಷ ತಂತಿ ಕೆಲಸ ಮಾಡಿದ್ದೀರಲ್ಲ, ಒಂದು ಕತ್ತರಿಸಕ್ಕೆ ಬರ್ತಿರ್ಲಿಲ್ವಾ ನಿಮಗೆ?"