ಬಟ್ಟೆಗೆ ಹೆಸರಿಟ್ಟ ಭೂಪ

"ನಾನಿರೋವರೆಗೂ ಯಾವ ಕಂಪನಿ ವಕೀಲನೂ ನಿನ್ನ ಆನ್‌ಲೈನ್ ಅಂಗಡಿ ಹೊಸ್ತಿಲು ತುಳಿಯಲಾರ!" ಎಂದು ಹೆಂಡತಿ ಸೆರ್ವಾಗೆ ಅಭಯ ಕೊಟ್ಟೆ. ಅವಳು ನಮ್ಮೂರು ಕುಮಾಸಿಯ ಮಾರುಕಟ್ಟೆಯಿಂದ ಅಚ್ಚುಬಟ್ಟೆ ತಂದು ಕೈಚೀಲ ಹೊಲಿದು ಮಾರುತ್ತಾಳೆ. ಪಕ್ಕದ ಬೀದಿಯವಳೊಬ್ಬಳು ಚೀಲದ ಮೇಲೆ ಫುಟ್‌ಬಾಲ್ ತಂಡದ ಲಾಂಛನವನ್ನು ಅಪ್ಪಣೆಯಿಲ್ಲದೆ ಹೊಲಿದು, ವಕೀಲರ ನೋಟಿಸು ಬಂದು ಅಂಗಡಿಯನ್ನೇ ಮುಚ್ಚಿಸಿಕೊಂಡಿದ್ದಳು. ಅಂದಿನಿಂದ ನನ್ನ ಕಣ್ಣಿಗೆ ಗಿರಾಕಿಗಳೆಲ್ಲ ಗೂಢಚಾರರೇ!

ಮೊದಲು ಬಟ್ಟೆಯಂಚಿನ ಕಂಪನಿ ಹೆಸರನ್ನು ಕತ್ತರಿಸಿದೆ. ಆಮೇಲೆ ಮಾರುಕಟ್ಟೆ ಹೆಂಗಸರು ಒಂದೊಂದು ಬಟ್ಟೆಗೂ ಗಾದೆಮಾತಿನಂತೆ ಇಟ್ಟಿದ್ದ ಹೆಸರುಗಳನ್ನು, ಓದುವ ಗೋಜಿಗೂ ಹೋಗದೆ, ಅಂಗಡಿಯಿಂದ ಅಳಿಸಿದೆ. ಯಾವ ಹೆಸರು ಯಾರ ಸೊತ್ತೋ, ಯಾರಿಗೆ ಗೊತ್ತು?

"ರೀ, ನಮ್ಮ ಜನ ಬರೀ ಬಣ್ಣ ನೋಡಿ ಕೊಳ್ತಾರಾ? ಬಟ್ಟೆ ಏನು ಹೇಳುತ್ತೆ ಅಂತ ಕೇಳಿ ಕೊಳ್ತಾರೆ. ನೀವು ಅದನ್ನ ಮೂಕ ಮಾಡಿಬಿಟ್ರಿ!"

"ಮೂಕರ ಮೇಲೆ ಯಾರೂ ಕೇಸು ಹಾಕಲ್ಲ ಕಣೇ!"

ಸೆರ್ವಾ ತಂಗಿಯ ಬಾಣಂತನಕ್ಕೆ ಹೋದಳು. ಫೋನು ನನ್ನ ಕೈಗೆ ಬಂತು. ಅವಳು ವರ್ಷದಿಂದ ಕಾದಿದ್ದ ದೊಡ್ಡ ಆರ್ಡರೂ ಆಗಲೇ ಬರಬೇಕೆ! ಮಾತಾಡಿದವರು ಆಂಟಿ ಪೊಕುವಾ.

"ಮಗನ ಮದುವೆ ಕಣಪ್ಪ. ಬೀಗರ ಕಡೆ ಹೆಂಗಸರಿಗೆಲ್ಲ ಆ ನೀಲಿ ಚೀಲ ಕೊಡಬೇಕು. ಬಟ್ಟೆ ಹೆಸರೇನು?"

ಹೆಸರು ಯಾಕೆ ಬೇಕು ಈಕೆಗೆ? "ಹೆಸರಿಲ್ಲ ಆಂಟಿ."

"ಹೆಸರಿಲ್ಲದ ಬಟ್ಟೆ ಉಂಟೇನೋ? ನಾನು ಲಂಡನ್ನಿಂದ ಈಗಷ್ಟೇ ವಾಪಸ್ ಬಂದಿದೀನಿ, ಹೊಸ ಹೆಸರೆಲ್ಲ ಗೊತ್ತಿಲ್ಲ. ಹೇಳು ಮತ್ತೆ!"

ಲಂಡನ್ನು! ಕಂಪನಿಗಳ ತವರುಮನೆ! ಸಿಕ್ಕಿಬಿದ್ದಳು ಗೂಢಚಾರಿಣಿ! ಥಟ್ಟನೆ ಒಂದು ಹೆಸರು ಹುಟ್ಟಿಸಿದೆ: "'ಸುಖ ಸಂಸಾರ', ಆಂಟಿ!" ಸುಖ ಸಂಸಾರ ತನ್ನದೆಂದು ಹಕ್ಕು ಸಾಧಿಸುವ ಕಂಪನಿ ಭೂಮಿ ಮೇಲೆ ಎಲ್ಲಿದೆ, ನೀವೇ ಹೇಳಿ!

ಚೀಲಗಳು ಹೋದವು. ಮದುವೆಯ ದಿನ ಫೋನು ಗರ್ಜಿಸಿತು.

"ಲೋ ಆಂಪೊಫೊ! ಈ ಬಟ್ಟೆ ಹೆಸರು 'ಮದುವೆಗೆ ಮೊದಲೇ ವಿಚಾರಿಸಬೇಕಿತ್ತು' ಅಂತೆ! ಬೀಗಿತ್ತಿ ಚೀಲಾನ ನನ್ನ ಮುಖಕ್ಕೇ ಎಸೆದಳು! ಹೆಣ್ಣನ್ನ ವಾಪಸ್ ಕರ್ಕೊಂಡು ಹೋಗ್ತಾರಂತೆ!"

ಸೆರ್ವಾಗೆ ಹೇಳಿ ಕಳಿಸಿದೆ. ಸೆರ್ವಾ ಓಡೋಡಿ ಬಂದು, ಬೀಗಿತ್ತಿಯ ಕೈಕಾಲು ಹಿಡಿದು, "ತಪ್ಪು ನನ್ನ ಗಂಡಂದು" ಎಂದು ಇಡೀ ಕಥೆ ಹೇಳಿ, ಬೇರೆ ಚೀಲ ಹೊಲಿದುಕೊಟ್ಟು ಮದುವೆ ಉಳಿಸಿದಳು. ಆರ್ಡರಿನ ದುಡ್ಡು ಗೋವಿಂದ!

ಮುಂದಿನ ವಾರ ಅವಳ ಹಿಂದೆ ಬಾಲ ಮುದುರಿಕೊಂಡು ಮಾರುಕಟ್ಟೆಗೆ ಹೋದೆ. ಅದೇ ನೀಲಿ ಬಟ್ಟೆಗೆ ಹೆಂಗಸರು ಮುಗಿಬಿದ್ದಿದ್ದರು. ನನಗೆ ಮತ್ತೆ ಅನುಮಾನ!

"ಏನಮ್ಮಾ, ಇದಕ್ಯಾಕೆ ಇಷ್ಟು ಗಿರಾಕಿ?"

"ಆ ಮದುವೆ ಗಲಾಟೆ ಕೇಳಿದ ಮೇಲೆ ಹೆಸರು ಬದಲಾಯಿಸಿದ್ವಿ ಅಣ್ಣಾ. ಈಗ ಎಲ್ಲ ಹೆಂಡಂದಿರಿಗೂ ಇದೇ ಬೇಕಂತೆ!" ಅಂಗಡಿಯವಳು ಬಾಯಿಗೆ ಕೈ ಅಡ್ಡವಿಟ್ಟು ಕಿಸಕ್ಕೆಂದಳು. "'ನನ್ನ ಗಂಡನೂ ಆಂಪೊಫೊನೇ' ಅಂತ!"

"ಅಯ್ಯೋ! ನನ್ನ ಹೆಸರು ಬಳಸೋಕೆ ನನ್ನನ್ನ ಒಂದು ಮಾತು ಕೇಳಬಾರದಾ?"

ಸೆರ್ವಾ ನನ್ನತ್ತ ತಿರುಗಿಯೂ ನೋಡಲಿಲ್ಲ. "ಆರು ಗಜ ಕತ್ತರಿಸಮ್ಮಾ. ಭಾನುವಾರ ಚರ್ಚಿಗೆ ಉಡ್ತೀನಿ."